ಬಾಗಿಲು ತೆರೆಸಿಕೊಂಡು ಬರುವ ಶತ್ರು

ಹೊಸನಗರದಿಂದ ಕೊಲ್ಲೂರಿನ ಕಡೆಗೆ ಹೋಗುವವರಿಗೆ ದಾರಿಯಲ್ಲಿ ಸಿಗುವ ಊರು ನಗರ. ಹೆಸರು ದೊಡ್ಡದು, ಊರು ಚಿಕ್ಕದು. ಕೆಳದಿ ಅರಸರ ಕಾಲದಲ್ಲಿ ಇದೇ ಬಿದನೂರು, ಅವರ ಕೊನೆಯ ರಾಜಧಾನಿ. ಸುತ್ತಲೂ ಗುಡ್ಡ, ದಟ್ಟ ಕಾಡು, ಒಳಬರುವ ದಾರಿಗಳಿಗೆ ಕಾವಲು. ಇಷ್ಟೆಲ್ಲ ಇದ್ದೂ 1763ರಲ್ಲಿ ಅದು ಹೈದರಾಲಿಯ ಕೈವಶವಾಯಿತು. ಗೋಡೆಗಳು ಸೋತದ್ದರಿಂದ ಅಲ್ಲ.

ಆಗ ಆಳುತ್ತಿದ್ದವಳು ರಾಣಿ ವೀರಮ್ಮಾಜಿ. ಸತ್ತನೆಂದು ಸುದ್ದಿಯಾಗಿದ್ದ ಚೆನ್ನಬಸಪ್ಪ ನಾಯಕ ತಾನೇ ಎಂದು ಹೇಳಿಕೊಂಡ ಯುವಕನೊಬ್ಬ ಹೈದರನ ಆಶ್ರಯ ಬೇಡಿದ. ನಿಜವಾದ ವಾರಸುದಾರನಿಗೆ ಪಟ್ಟ ಕಟ್ಟುವ ಹೆಸರಿನಲ್ಲಿ ಹೈದರ್ ದಂಡೆತ್ತಿ ಬಂದ. ಕುಂಸಿಯಲ್ಲಿ ಸೆರೆಯಲ್ಲಿದ್ದ ಬಿದನೂರಿನ ಹಳೆಯ ಮಂತ್ರಿ ಲಿಂಗಣ್ಣ ಊರೊಳಗೆ ಹೋಗುವ ಗುಪ್ತದಾರಿಯನ್ನು ತೋರಿಸಿಕೊಟ್ಟ. ಹೊರಬಾಗಿಲಲ್ಲಿ ಮುತ್ತಿಗೆಯ ನಾಟಕ ನಡೆಯುತ್ತಿದ್ದಾಗಲೇ ಸೈನ್ಯ ಗುಪ್ತದಾರಿಯಲ್ಲಿ ಒಳಗೆ ನುಗ್ಗಿತ್ತು. ಅರಮನೆಗೆ ಬೆಂಕಿ ಇಡಿಸಿ ಓಡಿದ ರಾಣಿ ಬಳಿಕ ಸೆರೆಸಿಕ್ಕಿದಳು. ಪಟ್ಟ ಕಟ್ಟಿಸಿಕೊಳ್ಳಬೇಕಿದ್ದ ಯುವಕನೂ ಮಧುಗಿರಿಯ ಸೆರೆಯನ್ನೇ ಸೇರಿದ. ಬಿದನೂರು ಹೈದರ್‌ನಗರವಾಯಿತು, ಜನರ ಬಾಯಲ್ಲಿ ನಗರ ಎಂದಷ್ಟೇ ಉಳಿಯಿತು.

ಹೊರಗೆ ಉಪಕಾರದ ವೇಷ, ಒಳಗೆ ಬೇರೆ ಉದ್ದೇಶ. ಈ ತಂತ್ರಕ್ಕೆ ಜಗತ್ತು ಗ್ರೀಕ್ ಪುರಾಣದ ಹೆಸರನ್ನು ಕೊಟ್ಟಿದೆ. ಹತ್ತು ವರ್ಷ ಮುತ್ತಿಗೆ ಹಾಕಿದರೂ ಟ್ರಾಯ್ ನಗರ ಬಗ್ಗಲಿಲ್ಲ. ಗ್ರೀಕರು ದೊಡ್ಡದೊಂದು ಮರದ ಕುದುರೆಯನ್ನು ಬಿಟ್ಟುಹೋದಂತೆ ನಟಿಸಿದರು. ಟ್ರಾಯ್‌ನ ಜನ ತಾವೇ ಅದನ್ನು ಕೋಟೆಯೊಳಗೆ ಎಳೆದುಕೊಂಡರು. ರಾತ್ರಿ ಕುದುರೆಯ ಹೊಟ್ಟೆಯಿಂದ ಸೈನಿಕರು ಇಳಿದು ಬಾಗಿಲು ತೆರೆದರು.

ಕಂಪ್ಯೂಟರ್ ಲೋಕಕ್ಕೆ ಈ ಕುದುರೆ 1972ರ ವೇಳೆಗಾಗಲೇ ಬಂದಿತ್ತು. ಅಮೆರಿಕದ ವಾಯುಸೇನೆಗಾಗಿ ಜೇಮ್ಸ್ ಆ್ಯಂಡರ್‌ಸನ್ ಸಿದ್ಧಪಡಿಸಿದ ಸುರಕ್ಷತಾ ವರದಿಯಲ್ಲಿ 'ಟ್ರೋಜನ್ ಕುದುರೆ' ಎಂಬ ಮಾತು ಕಾಣಿಸಿಕೊಂಡಿತು. ಉಪಯುಕ್ತವೆಂದು ನಂಬಿಸಿ, ಒಳಗೆ ಕಳ್ಳಕೆಲಸ ಮಾಡುವ ಪ್ರೋಗ್ರಾಮಿಗೆ ಆ ಹೆಸರು. ರೂಢಿಯಲ್ಲಿ ಇದನ್ನೂ 'ವೈರಸ್' ಎನ್ನುತ್ತಾರೆ. ಆದರೆ ವೈರಸ್ ತನ್ನ ಪ್ರತಿಗಳನ್ನು ತಾನೇ ಮಾಡಿಕೊಂಡು ಹಬ್ಬುತ್ತದೆ, ಟ್ರೋಜನ್ ಹಾಗಲ್ಲ. ಯಜಮಾನನೇ ಬಾಗಿಲು ತೆರೆಯಲೆಂದು ಅದು ಕಾಯುತ್ತದೆ.

ಮನೆ, ಕಚೇರಿಗಳ ಕಂಪ್ಯೂಟರುಗಳಿಗೆ ಇದರ ಬಿಸಿ ತಟ್ಟಿದ್ದು 1989ರ ಡಿಸೆಂಬರಿನಲ್ಲಿ. ಏಡ್ಸ್ ರೋಗದ ಮಾಹಿತಿ ಇದೆ ಎಂದು ಹೇಳಿಕೊಂಡ ಸುಮಾರು 20,000 ಫ್ಲಾಪಿಗಳು ಹಲವು ದೇಶಗಳ ಜನರಿಗೆ ಅಂಚೆಯಲ್ಲಿ ಬಂದವು. ಫ್ಲಾಪಿಯಲ್ಲಿ ಮಾಹಿತಿಯೂ ಇತ್ತು, ಕುದುರೆಯೂ ಇತ್ತು. ಕಂಪ್ಯೂಟರನ್ನು ಸುಮಾರು 90 ಸಲ ಚಾಲೂ ಮಾಡುವವರೆಗೆ ಅದು ಸುಮ್ಮನಿದ್ದು, ನಂತರ ಕಡತಗಳ ಹೆಸರುಗಳನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿಬಿಡುತ್ತಿತ್ತು. 189 ಡಾಲರನ್ನು ಪನಾಮದ ಅಂಚೆಪೆಟ್ಟಿಗೆಗೆ ಕಳಿಸಿ ಎಂಬ ಬೇಡಿಕೆ ಪರದೆಯ ಮೇಲೆ ಮೂಡುತ್ತಿತ್ತು. ಇದರ ಹಿಂದಿದ್ದವನೆಂದು ಬಂಧಿತನಾದ ಜೋಸೆಫ್ ಪಾಪ್, ಹಾರ್ವರ್ಡ್‌ನಲ್ಲಿ ಓದಿದ ವಿದ್ವಾಂಸ. ವಿಚಾರಣೆ ಎದುರಿಸುವ ಮನಃಸ್ಥಿತಿಯಲ್ಲಿಲ್ಲವೆಂದು ಬ್ರಿಟನ್ನಿನ ನ್ಯಾಯಾಲಯ ಅವನನ್ನು ಬಿಟ್ಟಿತು.

ಇದಕ್ಕೆ ಮದ್ದು ಕಂಡುಹಿಡಿದವರು ಬ್ರಿಟನ್ನಿನ ಜಿಮ್ ಬೇಟ್ಸ್. ಅವರು ಬರೆದದ್ದು ಒಂದಲ್ಲ, ಎರಡು ಪ್ರೋಗ್ರಾಮು. 'ಏಡ್ಸ್‌ಔಟ್' ಕುದುರೆಯನ್ನು ಹೊರಹಾಕುತ್ತಿತ್ತು. 'ಕ್ಲಿಯರ್‌ಏಡ್' ಕೆಟ್ಟುಹೋದ ಕಡತಗಳ ಹೆಸರುಗಳನ್ನು ಸರಿಪಡಿಸುತ್ತಿತ್ತು. ಶತ್ರುವನ್ನು ಓಡಿಸುವುದು ಒಂದು ಕೆಲಸ, ಕಳೆದದ್ದನ್ನು ಮರಳಿ ಪಡೆಯುವುದು ಇನ್ನೊಂದು. ಮದ್ದು ಬರುವವರೆಗೆ ಕಾಯದೆ, ಗಾಬರಿಯಲ್ಲಿ ಡಿಸ್ಕನ್ನೇ ಅಳಿಸಿ ವರ್ಷಗಳ ಕೆಲಸ ಕಳೆದುಕೊಂಡವರೂ ಇದ್ದರು.

ಟ್ರೋಜನ್ ತೆಗೆಯುವುದು ಅಷ್ಟೇಕೆ ಕಷ್ಟ? ಉತ್ತರವನ್ನು ಯೂನಿಕ್ಸ್ ವ್ಯವಸ್ಥೆಯ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಸೂಚಿಸಿದ್ದರು. ಪ್ರೋಗ್ರಾಮನ್ನು ಸಿದ್ಧಪಡಿಸುವ ಸಲಕರಣೆಯೇ ಕೆಟ್ಟಿದ್ದರೆ, ಬರೆದ ಸಾಲುಗಳನ್ನು ಎಷ್ಟು ಓದಿದರೂ ಮೋಸ ಕಾಣದು. ಮನೆಯ ಕಂಪ್ಯೂಟರಿಗೂ ಈ ಮಾತು ಸಲ್ಲುತ್ತದೆ. ಒಳಸೇರಿದ ಕಳ್ಳ ಕಾವಲುಗಾರನ ಬಾಯನ್ನೂ ಕಟ್ಟಬಲ್ಲ. 'ಎಲ್ಲ ಸರಿಯಾಗಿದೆ' ಎಂದು ಸೋಂಕು ತಗುಲಿದ ಯಂತ್ರವೇ ಹೇಳಿದರೆ ಆ ಸಾಕ್ಷ್ಯಕ್ಕೆ ಬೆಲೆ ಇಲ್ಲ.

ಹಾಗಾಗಿ ತಿಳಿದವರು ಅನುಸರಿಸುವ ಕ್ರಮ ಹೀಗಿದೆ. ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಬೇಕು. ಒಳಗಿನವನಿಗೆ ಹೊರಗಿನ ಒಡೆಯನಿಂದ ಆಜ್ಞೆ ಬರುವುದು ಅಲ್ಲಿಂದಲೇ. ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು. ಸೋಂಕಿಲ್ಲದ ಬೇರೆ ಕಂಪ್ಯೂಟರಿನಲ್ಲಿ ತಯಾರಿಸಿದ ಡಿಸ್ಕ್ ಅಥವಾ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಿ ತಪಾಸಣೆ ನಡೆಸಬೇಕು. ಫ್ಲಾಪಿಯ ಕಾಲದಲ್ಲೂ ಬುದ್ಧಿವಂತರು ಇದಕ್ಕೆಂದೇ ಬರೆಯಲಾಗದಂತೆ ಭದ್ರಪಡಿಸಿದ ಒಂದು ಫ್ಲಾಪಿಯನ್ನು ಎತ್ತಿಡುತ್ತಿದ್ದರು. ಆಮೇಲೂ ಸಂಶಯ ಉಳಿದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವುದೇ ಲೇಸು. ಪಾಸ್‌ವರ್ಡುಗಳನ್ನು ಬೇರೆ ಯಂತ್ರದಿಂದ ಬದಲಿಸಬೇಕು. ಕಳ್ಳ ಹೋದರೂ ಕೀಲಿಕೈ ಅವನ ಬಳಿ ಉಳಿದಿರುತ್ತದೆ. 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಇಲ್ಲಿ ಒತ್ತಿ' ಎಂದು ಪರದೆಯ ಮೇಲೆ ಧುತ್ತೆಂದು ಬರುವ ಎಚ್ಚರಿಕೆಯೇ ಎಷ್ಟೋ ಸಲ ಹೊಸ ಕುದುರೆ.

ಕುದುರೆಯನ್ನು ಪೊಲೀಸರೇ ಹೊರಗಟ್ಟಿದ ಪ್ರಸಂಗವೂ ಇದೆ. 2014ರಿಂದ ಕಾಡಿದ 'ಇಮೋಟೆಟ್' ಎಂಬ ಟ್ರೋಜನ್ ಇ-ಮೇಲ್‌ನಲ್ಲಿ ಬಿಲ್ಲಿನ ರೂಪದಲ್ಲಿ ಬರುತ್ತಿತ್ತು. ಎಂಟು ದೇಶಗಳ ಅಧಿಕಾರಿಗಳು 2021ರ ಜನವರಿಯಲ್ಲಿ ಅದರ ಜಾಲವನ್ನು ವಶಪಡಿಸಿಕೊಂಡು, ಏಪ್ರಿಲ್ 25ರಂದು ಸೋಂಕಿತ ಯಂತ್ರಗಳಿಂದ ಅದು ತಾನಾಗಿ ಅಳಿಯುವಂತೆ ಮಾಡಿದರು. ಆದರೆ ಅದು ಮೊದಲೇ ಒಳಗೆ ಕರೆತಂದಿದ್ದ ಬೇರೆ ಕಳ್ಳರು ಇದರಿಂದ ಹೋಗುವಂತಿರಲಿಲ್ಲ. ಭಾರತ ಸರ್ಕಾರವೂ 2017ರಲ್ಲಿ 'ಸೈಬರ್ ಸ್ವಚ್ಛತಾ ಕೇಂದ್ರ'ವನ್ನು ಆರಂಭಿಸಿ, ಮನೆಯ ಕಂಪ್ಯೂಟರುಗಳಿಗೆ ಶುಚಿಗೊಳಿಸುವ ಸಲಕರಣೆಗಳನ್ನು ಉಚಿತವಾಗಿ ಒದಗಿಸಿತು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬಹುದು.

ಮಲೆನಾಡಿನ ಮನೆಯ ಕಂಪ್ಯೂಟರಿನಲ್ಲೂ ಇಂದು ಕಾಯಬೇಕಾದದ್ದು ಕಡಿಮೆಯಿಲ್ಲ: ಅಡಿಕೆಯ ಲೆಕ್ಕ, ಪಹಣಿಯ ಪ್ರತಿ, ತೀರಿಹೋದ ಹಿರಿಯರ ಫೋಟೊ, ಬ್ಯಾಂಕಿನ ವಿವರ. ಇವುಗಳ ಒಂದು ಪ್ರತಿ ಕಂಪ್ಯೂಟರಿನ ಹೊರಗೆ, ಬೇರೆ ಡಿಸ್ಕಿನಲ್ಲಿದ್ದರೆ ಅರ್ಧ ಭಯ ಕಡಿಮೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮಧುಗಿರಿಯಲ್ಲಿ ಸೆರೆಯಾಗಿದ್ದವರನ್ನು 1767ರಲ್ಲಿ ಮರಾಠರು ಬಿಡಿಸಿದರು. ಬಿದನೂರಿನ ರಾಜ್ಯ ಮಾತ್ರ ಅವರಿಗೆ ಮರಳಿ ಸಿಗಲಿಲ್ಲ.