ಹೆಬ್ಬೆರಳಿನಿಂದ ಶುರುವಾದ ಫಿಟ್ಸ್

ಇವತ್ತಿನ ಕಥೆ ಲಂಡನ್ನಿನದು. ಆದರೆ ನನಗೆ ಅದು ಶುರುವಾಗಿದ್ದು ನಮ್ಮನೆಯ ಬಾಣಂತಿ ಕೋಣೆಯಲ್ಲಿ.

ಚಿಕ್ಕಮ್ಮನಿಗೆ ಹೆರಿಗೆಯಾಗಿ ಹನ್ನೆರಡು ದಿನ ಆಗಿತ್ತು. ಎರಡು ದಿನದಿಂದ ತಲೆನೋವು ಅಂತಿದ್ರು. ಆವತ್ತು ಬಲಗೈ ಹೆಬ್ಬೆರಳು ತಾನಾಗೇ ಅದುರೋಕೆ ಶುರುವಾಯ್ತು. ಆಮೇಲೆ ಮುಂಗೈ, ತೋಳು, ಮುಖ, ಕೊನೆಗೆ ಪ್ರಜ್ಞೆಯೇ ತಪ್ಪಿತು. ಅಜ್ಜಿ ಓಡಿ ಬಂದು ಬೀಗದ ಕೈ ಗೊಂಚಲನ್ನು ಅವರ ಕೈಗೆ ಹಿಡಿಸಿದರು. ಕಬ್ಬಿಣ ಮುಟ್ಟಿಸಿದರೆ ಫಿಟ್ಸ್ ನಿಲ್ಲುತ್ತೆ ಅನ್ನೋ ನಂಬಿಕೆ ನಿಮ್ಮನೆಯಲ್ಲೂ ಇದ್ದೀತು. ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯ್ತು: ಮೆದುಳಿನಿಂದ ರಕ್ತ ವಾಪಸ್ ಒಯ್ಯುವ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ತಲೆಯೊಳಗಿನ ರಕ್ತನಾಳಕ್ಕೂ ಹೆಬ್ಬೆರಳಿಗೂ ಏನು ಸಂಬಂಧ?

ಇದರ ಬೆನ್ನು ಹತ್ತಿದವರು ಜಾನ್ ಹ್ಯೂಲಿಂಗ್ಸ್ ಜಾಕ್ಸನ್. 1862ರಲ್ಲಿ ಅವರು ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿ, ಪಾರ್ಶ್ವವಾಯು ಮತ್ತು ಅಪಸ್ಮಾರ ಇದ್ದವರಿಗಾಗಿಯೇ ತೆರೆದ ಆಸ್ಪತ್ರೆಗೆ ಸೇರಿದರು. ಸ್ಕ್ಯಾನ್ ಇಲ್ಲ, ಇಇಜಿ ಇಲ್ಲ. ರೋಗಿಯ ಪಕ್ಕ ಕೂತು ನೋಡೋದೇ ಕೆಲಸ. ಹಾಗೆ ನೋಡ್ತಾ ನೋಡ್ತಾ ಅವರಿಗೆ ಒಂದು ಕ್ರಮ ಕಾಣಿಸಿತು. ಕೆಲವರಲ್ಲಿ ಫಿಟ್ಸ್ ಮೈಯೆಲ್ಲಾ ಒಟ್ಟಿಗೇ ಬರೋದಿಲ್ಲ. ಬೆರಳಲ್ಲೋ, ಬಾಯಿಯ ಅಂಚಲ್ಲೋ, ಕಾಲಿನ ಹೆಬ್ಬೆರಳಲ್ಲೋ ಶುರುವಾಗಿ ಮೆರವಣಿಗೆ ಹೊರಟ ಹಾಗೆ ಸಾಗುತ್ತೆ. ಹಾಗಾದರೆ ಮೆದುಳಿನ ಮೇಲ್ಪದರದಲ್ಲಿ ಕೈಗೊಂದು ಜಾಗ, ಅದರ ಪಕ್ಕದಲ್ಲೇ ಮುಖಕ್ಕೊಂದು ಜಾಗ ಇರಲೇಬೇಕು ಅಂತ ಅವರು ಊಹಿಸಿದರು. 1870ರಲ್ಲಿ ಬರ್ಲಿನ್ನಿನ ಫ್ರಿಚ್ ಮತ್ತು ಹಿಟ್ಜಿಗ್ ನಾಯಿಯ ಮೆದುಳಿಗೆ ವಿದ್ಯುತ್ ಕೊಟ್ಟಾಗ ಎದುರು ಬದಿಯ ಕಾಲು ಅಲುಗಿತು. ಊಹೆಗೆ ಬಲ ಬಂತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸೋದು ಮಾತ್ರ ಎಲಿಜಬೆತ್. ಜಾಕ್ಸನ್ 1865ರಲ್ಲಿ ಮದುವೆಯಾದ ಹೆಂಡತಿ. ಅವರ ಮೆದುಳಿನ ಅಭಿಧಮನಿಯಲ್ಲೂ ರಕ್ತ ಹೆಪ್ಪುಗಟ್ಟಿತು. ಅವರಿಗೂ ಅದೇ ಥರದ ಫಿಟ್ಸ್ ಬಂದವು. ಹೆಂಡತಿಯನ್ನು ನೋಡಿಯೇ ಜಾಕ್ಸನ್ ಇದನ್ನೆಲ್ಲ ಕಂಡುಹಿಡಿದರು ಅಂತ ಕೆಲವರು ಹೇಳ್ತಾರೆ. ಅದು ಸರಿಯಲ್ಲ, ಅರ್ಧ ಮೈಗೆ ಬರುವ ಫಿಟ್ಸ್ ಬಗ್ಗೆ ಅವರು 1863ರಲ್ಲೇ ಬರೆದಿದ್ದರು. ಅಂದರೆ ಮನೆಯಲ್ಲಿ ಏನು ನಡೀತಿದೆ ಅನ್ನೋದು ಬೇರೆಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು, ಅವರನ್ನು ಉಳಿಸಿಕೊಳ್ಳೋ ಔಷಧಿ ಮಾತ್ರ ಕೈಯಲ್ಲಿ ಇರಲಿಲ್ಲ. 1876ರಲ್ಲಿ ಎಲಿಜಬೆತ್ ತೀರಿಕೊಂಡರು. ಮಕ್ಕಳಿರಲಿಲ್ಲ. ಜಾಕ್ಸನ್ ಮತ್ತೆ ಮದುವೆಯಾಗದೆ 1911ರವರೆಗೆ ಬದುಕಿದರು.

ಜಾಕ್ಸನ್ ನೋಡಿಕೊಂಡ ಇನ್ನೊಬ್ಬರು ಸ್ವತಃ ವೈದ್ಯರು. ಬರಹಗಳಲ್ಲಿ ಅವರ ಹೆಸರು ಬರೀ ‘ಝಡ್’. ಅವರಿಗೆ ಕೈಕಾಲು ಅದುರೋದಕ್ಕಿಂತ ಹೆಚ್ಚಾಗಿ ಕನಸಿನಂಥ ಸ್ಥಿತಿ ಬರ್ತಿತ್ತು. ಒಮ್ಮೆ ಅಂಥ ಸ್ಥಿತಿಯಲ್ಲೇ ಒಬ್ಬ ರೋಗಿಯನ್ನು ಪರೀಕ್ಷಿಸಿ, ಎಡ ಶ್ವಾಸಕೋಶದ ತಳದಲ್ಲಿ ನ್ಯುಮೋನಿಯಾ ಅಂತ ಬರೆದಿಟ್ಟಿದ್ದರು. ಎಚ್ಚರವಾದ ಮೇಲೆ ಅದ್ಯಾವುದೂ ನೆನಪಿಲ್ಲ. ಮತ್ತೆ ಪರೀಕ್ಷಿಸಿದರೆ ರೋಗ ಅದೇ! 1894ರಲ್ಲಿ ಅವರು ತೀರಿಕೊಂಡಾಗ ಮೆದುಳು ತೆರೆದು ನೋಡಿದರು. ಎಡ ಕಪೋಲದ ಒಳಭಾಗದಲ್ಲಿ ಮೆತ್ತಗಾಗಿದ್ದ ಒಂದು ಪುಟ್ಟ ಜಾಗ, ಅಷ್ಟೇ. ರಕ್ತ ಸಿಗದೆ ಸತ್ತ ಭಾಗವನ್ನು ಆ ಕಾಲದವರು ಸಾಮಾನ್ಯವಾಗಿ ಹಾಗೆ ಕರೀತಿದ್ದರು. ಅಷ್ಟು ಚಿಕ್ಕ ಗಾಯ, ಇಡೀ ಮನುಷ್ಯನ ಅರಿವನ್ನೇ ಹೇಗೆ ಕದಲಿಸುತ್ತೆ?

ಸತ್ತ ಜಾಗ ಕಿಡಿ ಹಾರಿಸೋದಿಲ್ಲ ನೋಡಿ. ಕಿಡಿ ಹಾರೋದು ಅದರ ಅಂಚಿನಲ್ಲಿ ಬದುಕುಳಿದ ಕೋಶಗಳಲ್ಲಿ. ರಕ್ತ ಒಸರಿದ್ದರೆ ಅದರಲ್ಲಿನ ಕಬ್ಬಿಣದ ಅಂಶವೂ ಆ ಕೋಶಗಳನ್ನು ಕೆರಳಿಸುತ್ತೆ. (ಅಜ್ಜಿಯ ಬೀಗದ ಕೈ ನೆನಪಾಯ್ತಾ?) ಆ ಕಿಡಿ ಎಲ್ಲೆಲ್ಲಿಗೆ ತಂತಿ ಎಳೆದಿದೆಯೋ ಅಲ್ಲೆಲ್ಲಾ ಓಡುತ್ತೆ. ಸ್ಟ್ರೋಕ್ ಆದ ಎಲ್ಲರಿಗೂ ಫಿಟ್ಸ್ ಬರೋದಿಲ್ಲ ಯಾಕೆ ಅನ್ನೋದಕ್ಕೂ ಇಲ್ಲಿ ಒಂದು ಸುಳಿವಿದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಫಿಟ್ಸ್ ಬಂದವರ ಗಾಯಗಳು ಮೆದುಳಿನ ಬೇರೆ ಬೇರೆ ಕಡೆ ಇದ್ದರೂ, ಆಳದಲ್ಲಿರುವ ಕೆಲವು ನರಗಂಟುಗಳು ಮತ್ತು ಹಿಂದಿನ ಕಿರುಮೆದುಳಿನ ಜೊತೆ ಒಂದೇ ಬಗೆಯ ನಂಟು ಹೊಂದಿದ್ದವು.

ಚಿಕ್ಕಮ್ಮ ಈಗ ಚೆನ್ನಾಗಿದ್ದಾರೆ. ಹೆಪ್ಪು ಬೆಳೆಯದ ಹಾಗೆ ನೋಡಿಕೊಳ್ಳೋಕೆ, ಫಿಟ್ಸ್ ತಡೆಯೋಕೆ ಕೆಲವು ತಿಂಗಳು ಮಾತ್ರೆ ತಗೊಂಡರು, ಅಷ್ಟೇ. ಬಾಣಂತಿಗೆ ಜಾಸ್ತಿ ನೀರು ಕೊಡಬಾರದು ಅನ್ನೋ ಪದ್ಧತಿ ನಮ್ಮಲ್ಲಿತ್ತು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಹೆಪ್ಪುಗಟ್ಟೋ ಅಪಾಯ ಹೆಚ್ಚು. ಡಾಕ್ಟರ್ ಇದನ್ನು ಹೇಳಿದ ದಿನ ಅಜ್ಜಿ ಏನೂ ಮಾತಾಡಲಿಲ್ಲ. ಸಂಜೆ ತಾವೇ ಒಂದು ಚೊಂಬು ನೀರು ತಂದು ಚಿಕ್ಕಮ್ಮನ ಹಾಸಿಗೆ ಪಕ್ಕ ಇಟ್ಟರು.