ಚರ್ಚು, ನ್ಯಾಯ, ಮತಪೆಟ್ಟಿಗೆ: ಅಮೆರಿಕದ ಒಂದು ಶತಮಾನ

ಚರ್ಚು ಚುನಾವಣೆಯ ಗೋಜಿಗೆ ಹೋಗಬೇಕೇ ಬೇಡವೇ ಎಂಬ ವಾದ ಅಮೆರಿಕದಲ್ಲಿ ಇನ್ನೂ ಮುಗಿದಿಲ್ಲ. ಕಳೆದ ನೂರು ಚಿಲ್ಲರೆ ವರ್ಷಗಳ ಇತಿಹಾಸ ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆ: ಚರ್ಚು ತನಗೆ ಬೇಕಾದವರಿಗೆ ಮತ ಹಾಕಿಸಿತೋ, ಮತವೇ ಇಲ್ಲದವರಿಗೆ ಮತ ಕೊಡಿಸಿತೋ? ಮೊದಲ ಘಟ್ಟದಲ್ಲಿ ಮತದ ಮಾತು ಕಡಿಮೆ. 1886ರಲ್ಲಿ ನ್ಯೂಯಾರ್ಕಿನ ಬಡವರ ಕೇರಿಗೆ ಪಾದ್ರಿಯಾಗಿ ಬಂದ ವಾಲ್ಟರ್ ರೌಶೆನ್‌ಬುಷ್, ಪಾಪ ಮನುಷ್ಯನೊಳಗಷ್ಟೇ ಅಲ್ಲ, ಸಮಾಜದ ವ್ಯವಸ್ಥೆಯಲ್ಲೂ ಮನೆಮಾಡಿದೆ ಎಂದು ಕಂಡುಕೊಂಡು 1907ರಲ್ಲಿ ಪುಸ್ತಕ ಬರೆದರು. ಮರುವರ್ಷ ಪ್ರೊಟೆಸ್ಟೆಂಟ್ ಸಭೆಗಳ ಒಕ್ಕೂಟ ಬಾಲಕಾರ್ಮಿಕ ಪದ್ಧತಿ ತೊಲಗಲಿ, ಬದುಕಲು ಸಾಲುವಷ್ಟು ಕೂಲಿ ಸಿಗಲಿ ಎಂದು ಸಾರಿತು. ಇದರ ಹಿಂದಿದ್ದದ್ದು ಉಪದೇಶದಿಂದ ಉಳ್ಳವರ ಮನಸ್ಸು ಕರಗೀತೆಂಬ ನಂಬಿಕೆ; ಅದರ ಬುಡಕ್ಕೆ ಕೊಡಲಿ ಹಾಕಿದವರು ದೇವತಾಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್. ಉಪದೇಶ ಕೇಳಿ ಯಾವ ಗುಂಪೂ ಅಧಿಕಾರ ಬಿಟ್ಟುಕೊಡದು, ಎದುರಿಗೆ ಬಲ ಬೇಕು ಎಂಬುದು 1932ರ ಅವರ ವಾದ.

ಮತವೇ ಆ ಬಲ ಎಂದು ತೋರಿಸಿಕೊಟ್ಟವು ದಕ್ಷಿಣದ ಕಪ್ಪು ಜನರ ಚರ್ಚುಗಳು. 1870ರ ಸಂವಿಧಾನ ತಿದ್ದುಪಡಿ ಕೊಟ್ಟಿದ್ದ ಮತದ ಹಕ್ಕನ್ನು ಅಲ್ಲಿನ ರಾಜ್ಯಗಳು ಸಾಕ್ಷರತಾ ಪರೀಕ್ಷೆ, ಬೆದರಿಕೆಗಳಿಂದ ಕಿತ್ತುಕೊಂಡಿದ್ದವು. 1957ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನ ಪ್ರಾರ್ಥನಾ ಯಾತ್ರೆಯಲ್ಲಿ ಮತದ ಹಕ್ಕನ್ನೇ ಮೊದಲ ಬೇಡಿಕೆಯಾಗಿಟ್ಟರು. 1962ರ ಆಗಸ್ಟ್‌ನಲ್ಲಿ, ಮಿಸಿಸಿಪ್ಪಿಯ ರೂಲ್‌ವಿಲ್ ಊರಿನ ಚರ್ಚಿನಲ್ಲಿ ನಡೆದ ಸಭೆಯಿಂದ ಎದ್ದು ಹೆಸರು ನೋಂದಾಯಿಸಲು ಹೊರಟ ಹೊಲದ ಕೆಲಸಗಾರ್ತಿ ಫ್ಯಾನಿ ಲೂ ಹೇಮರ್ ಅವರಿಗೆ ಅಧಿಕಾರಿ ರಾಜ್ಯ ಸಂವಿಧಾನದ ಒಂದು ಭಾಗ ಕೊಟ್ಟು ಅರ್ಥ ಬಿಡಿಸಿ ಬರೆಯಲು ಹೇಳಿದ. ಅವರು ನಪಾಸಾದರು. ಅದೇ ರಾತ್ರಿ ಜಮೀನಿನ ಧಣಿ, ಅರ್ಜಿ ವಾಪಸು ತೆಗೆದುಕೋ, ಇಲ್ಲ ಜಾಗ ಖಾಲಿ ಮಾಡು ಎಂದ. ಹದಿನೆಂಟು ವರ್ಷ ದುಡಿದ ಜಾಗವನ್ನು ಅವರು ಬಿಟ್ಟು ನಡೆದರು. 1965ರಲ್ಲಿ ಅಲಬಾಮಾದ ಸೆಲ್ಮಾ ಊರಿನ ಚರ್ಚಾದ ಬ್ರೌನ್ ಚಾಪೆಲ್‌ನಿಂದ ಮತದ ಹಕ್ಕಿಗಾಗಿ ಹೊರಟ ಮೆರವಣಿಗೆಯ ಮೇಲೆ ಪೊಲೀಸರ ಲಾಠಿ ಬಿತ್ತು. ಆಗಸ್ಟ್‌ನಲ್ಲಿ ಮತದಾನ ಹಕ್ಕು ಕಾಯ್ದೆ ಬಂತು. ಅದಕ್ಕೂ ಮೊದಲು ಮಿಸಿಸಿಪ್ಪಿಯ ಕಪ್ಪು ವಯಸ್ಕರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ಶೇ. 7ಕ್ಕೂ ಕಡಿಮೆ, 1967ರ ಹೊತ್ತಿಗೆ ಸುಮಾರು ಶೇ. 60.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ: ಕಿಂಗ್ ಮಾಡಿದ್ದು ಸರಿಯಾದರೆ ಸಂಪ್ರದಾಯನಿಷ್ಠ ಪಾದ್ರಿ ಜೆರಿ ಫಾಲ್ವೆಲ್ ಮಾಡಿದ್ದು ಹೇಗೆ ತಪ್ಪು? ಪಾದ್ರಿಗಳ ಕೆಲಸ ಆತ್ಮಗಳನ್ನು ಗೆಲ್ಲುವುದು, ಮೆರವಣಿಗೆಯಲ್ಲ ಎಂದು 1965ರಲ್ಲಿ ಬೋಧಿಸಿದ್ದ ಫಾಲ್ವೆಲ್, 1979ರಲ್ಲಿ 'ಮೋರಲ್ ಮೆಜಾರಿಟಿ' ಸಂಘಟನೆ ಕಟ್ಟಿ ತಮ್ಮ ಜನರನ್ನು ಮತಗಟ್ಟೆಗೆ ಕಳಿಸಿದರು. ಗರ್ಭಪಾತದಂಥ ವಿಷಯದಲ್ಲಿ ಆತ್ಮಸಾಕ್ಷಿಯಂತೆ ಮತ ಹಾಕುವುದು ಅವರಿಗೂ ಇರುವ ಹಕ್ಕೇ, ಅದನ್ನು ಅಲ್ಲಗಳೆಯುವಂತಿಲ್ಲ. ವ್ಯತ್ಯಾಸವಿರುವುದು ಗುರಿಯಲ್ಲಿ. ತಮ್ಮವರ ಮತ ಕೂಡಿಹಾಕುವುದು ಯಾವ ಪಕ್ಷವೂ ಮಾಡುವ ಕೆಲಸ. ಹೊರಗಿಟ್ಟವರನ್ನು ಪಟ್ಟಿಯೊಳಗೆ ತರುವ ಕೆಲಸಕ್ಕೆ ಮಾತ್ರ ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಯ ನೇರ ಬೆಂಬಲವಿದೆ. ಸಂಪ್ರದಾಯನಿಷ್ಠರಲ್ಲೂ ಇದನ್ನು ಮನಗಂಡವರಿದ್ದರು: ರಾನ್ ಸೈಡರ್ ಮುಂತಾದವರು 1973ರ ಷಿಕಾಗೊ ಘೋಷಣೆಯಲ್ಲಿ ವರ್ಣಭೇದ, ಬಡತನಗಳ ಮುಂದೆ ತಮ್ಮ ಸಭೆಗಳು ಸುಮ್ಮನಿದ್ದವೆಂದು ಒಪ್ಪಿಕೊಂಡರು.

ಮತದ ಹಕ್ಕು ವಿಸ್ತರಿಸಿದರೂ ಒಂದು ಪಕ್ಷಕ್ಕೇ ಲಾಭವಲ್ಲವೇ ಎಂಬುದು ಇನ್ನೊಂದು ಆಕ್ಷೇಪಣೆ. ಆಗಬಹುದು. ಆದರೆ ಲಾಭ ಯಾರಿಗಾದರೂ ಹಕ್ಕು ಹಕ್ಕೇ. 2013ರಲ್ಲಿ ಸುಪ್ರೀಂ ಕೋರ್ಟು 1965ರ ಕಾಯ್ದೆಯ ಮುಖ್ಯ ಕಾವಲನ್ನು ಸಡಿಲಿಸಿತು. ಆದರೂ ಭಾನುವಾರದ ಆರಾಧನೆ ಮುಗಿಸಿ ಜನರನ್ನು ಬಸ್ಸಿನಲ್ಲಿ ಮತಗಟ್ಟೆಗೆ ಕರೆದೊಯ್ಯುವ ಪದ್ಧತಿಯನ್ನು ಕಪ್ಪು ಜನರ ಚರ್ಚುಗಳು ಬಿಟ್ಟಿಲ್ಲ. ಬಸ್ಸು ಹತ್ತಿಸುವಾಗ ಯಾರಿಗೆ ಮತ ಎಂದು ಕೇಳದಿರುವಷ್ಟು ಕಾಲ ಆ ಕೆಲಸ ಧರ್ಮದ್ದು; ಕೇಳತೊಡಗಿದ ದಿನ ಅದೂ ಪಕ್ಷದ ಕೆಲಸವೇ.