ನಲ್ಲೂರು ಎಂದು ಬರೆಯಲು ಏಳು ಕೀಲಿ

ಚನ್ನಗಿರಿ ತಾಲ್ಲೂಕಿನ ನಲ್ಲೂರು ಅಡಿಕೆ ಸೀಮೆಯ ಊರು. ಅಡಿಕೆ ಮಾರಾಟದ ಸಹಕಾರ ಸಂಘ ತುಮ್ಕೋಸ್‌ನಲ್ಲಿ ಇವತ್ತು ರಾಶಿ ಅಡಿಕೆಗೆ ಏನು ಧಾರಣೆ ಎನ್ನುವ ಸುದ್ದಿ ಈ ಸೀಮೆಯಲ್ಲಿ ಈಗ ವಾಟ್ಸ್‌ಆ್ಯಪ್‌ನಲ್ಲಿ, ಕನ್ನಡ ಲಿಪಿಯಲ್ಲೇ ಓಡಾಡುತ್ತದೆ. 2010ರ ಸುಮಾರಿನಲ್ಲಿ ಹೀಗಿರಲಿಲ್ಲ. ಆಗಿನ ಎಷ್ಟೋ ಫೋನ್‌ಗಳಲ್ಲಿ ಊರಿನ ಹೆಸರು ಕೂಡ ನೆಟ್ಟಗೆ ಮೂಡುತ್ತಿರಲಿಲ್ಲ.

'ನಲ್ಲೂರು' ಯುನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ: ನ, ಲ, ಹಲಂತ, ಇನ್ನೊಂದು ಲ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಎರಡನೆಯ ಲಕಾರವನ್ನು ಒತ್ತಾಗಿಸಿ ಮೊದಲನೆಯದರ ಕೆಳಗೆ ಕೂರಿಸಬೇಕಾದದ್ದು ಫೋನಿನ ಆಪರೇಟಿಂಗ್ ಸಿಸ್ಟಂ. ಮೊದಮೊದಲ ಆಂಡ್ರಾಯ್ಡ್‌ಗೆ ಆ ವಿದ್ಯೆ ಗೊತ್ತಿರಲಿಲ್ಲ. ಫಾಂಟ್ ಇಲ್ಲದ ಫೋನಿನಲ್ಲಿ ಸಾಲುಸಾಲು ಖಾಲಿ ಡಬ್ಬಿಗಳು ಕಾಣುತ್ತಿದ್ದವು. ಫಾಂಟ್ ಇದ್ದರೂ ಒತ್ತಕ್ಷರ ಪಕ್ಕಕ್ಕೆ ಜಾರಿ ನಿಲ್ಲುತ್ತಿತ್ತು.

ಜನ ಸುಮ್ಮನೆ ಕೂರಲಿಲ್ಲ. ಒಪೆರಾ ಮಿನಿ ಬ್ರೌಸರಿನ ವಿಳಾಸದ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಎಂದು ಇಂಗ್ಲಿಷಿನಲ್ಲಿ ಹೊಡೆದು, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸುವ ಆಯ್ಕೆಗೆ 'ಯೆಸ್' ಕೊಟ್ಟರೆ ಸರಿ, ಒಪೆರಾದ ಸರ್ವರ್ ಕನ್ನಡ ಅಕ್ಷರಗಳನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಅಗ್ಗದ ಫೋನುಗಳಲ್ಲಿ ಎಷ್ಟೋ ಮಂದಿ ಕನ್ನಡ ಪತ್ರಿಕೆ ಓದಿದ್ದು ಈ ಉಪಾಯದಿಂದ. ಇದು ಬಾಯಿಂದ ಬಾಯಿಗೆ ಹಬ್ಬಿದ ವಿದ್ಯೆ, ಕನ್ನಡದ ಮೊಬೈಲ್ ಚರಿತ್ರೆಯಲ್ಲಿ ದಾಖಲಾಗಲೇಬೇಕಾದದ್ದು.

ಓದುವುದಕ್ಕಿಂತ ಬರೆಯುವುದು ದೊಡ್ಡ ತೊಡಕು. ಎರಡು ಫೋನ್ ವ್ಯವಸ್ಥೆಗಳ ಮನೋಧರ್ಮ ಬೇರೆಬೇರೆ ಎಂಬುದು ಬಯಲಾದದ್ದು ಅಲ್ಲಿ. 2007ರಲ್ಲಿ ಬಂದ ಐಫೋನ್‌ನಲ್ಲಿ ಯಂತ್ರವೂ ತಂತ್ರಾಂಶವೂ ಒಂದೇ ಕಂಪನಿಯದು. ಹೊರಗಿನವರ ಆ್ಯಪ್‌ಗಳಿಗೆ 2008ರ ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆಯಿತು, ಅದೂ ಆ್ಯಪಲ್ ಪರಿಶೀಲಿಸಿ ಒಪ್ಪಿದ ಮೇಲೆ. ಕೀಲಿಮಣೆಯನ್ನಂತೂ ಆ್ಯಪಲ್ ಯಾರ ಕೈಗೂ ಕೊಡಲಿಲ್ಲ. ಆಂಡ್ರಾಯ್ಡ್ ತನ್ನ ಮೂಲ ಸಂಕೇತವನ್ನೇ ಬಹಿರಂಗವಾಗಿಟ್ಟಿತು. 2009ರ ಏಪ್ರಿಲ್‌ನ 1.5ನೇ ಆವೃತ್ತಿಯಲ್ಲಿ ಯಾರು ಬೇಕಾದರೂ ಕೀಲಿಮಣೆ ಮಾಡಿ ಸೇರಿಸಬಹುದು ಎಂದಿತು. ಕನ್ನಡವನ್ನು ಸರಿಯಾಗಿ ತೋರಿಸಲು ಬಾರದ ವ್ಯವಸ್ಥೆ ಕನ್ನಡಿಗರಿಗೆ ಕೆಲಸ ಮಾಡಲು ಜಾಗ ಬಿಟ್ಟಿತ್ತು. ಐಫೋನಿನ ಪರದೆಯ ಮೇಲೆ ಕನ್ನಡ ಅಂದವಾಗಿ ಕಾಣತೊಡಗಿದ ಮೇಲೂ ಅದರಲ್ಲಿ ಬರೆಯಲು ಕನ್ನಡದ ಕೀಲಿಮಣೆ ಇರಲಿಲ್ಲ.

ಆಂಡ್ರಾಯ್ಡ್ ಬಿಟ್ಟ ಜಾಗವನ್ನು ತುಂಬಿದ್ದು ಅದಕ್ಕಿಂತ ಹಳೆಯದೊಂದು ಕೆಲಸ. ನಾಡೋಜ ಕೆ.ಪಿ. ರಾವ್ ಕಂಪ್ಯೂಟರಿಗಾಗಿ ರೂಪಿಸಿ, ಹಣ ಕೇಳದೆ ನಾಡಿಗೆ ಬಿಟ್ಟುಕೊಟ್ಟ ಕೀಲಿಮಣೆ ವಿನ್ಯಾಸವನ್ನು ರಾಜ್ಯ ಸರ್ಕಾರ ಅಧಿಕೃತವೆಂದು ಒಪ್ಪಿತ್ತು. 'ನುಡಿ' ತಂತ್ರಾಂಶದ ಮೂಲಕ ಅದು ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ತಲುಪಿತ್ತು. ಅದರಲ್ಲಿ ನಲ್ಲೂರು ಎಂದು ಬರೆಯಲು ಎನ್, ಎಲ್, ಎಫ್, ಎಲ್, ಶಿಫ್ಟ್ ಹಿಡಿದು ಯು, ಆಮೇಲೆ ಆರ್, ಯು. ಎಫ್ ಕೀಲಿ ಒತ್ತಕ್ಷರದ ಕೊಂಡಿ. ಯುನಿಕೋಡ್‌ನ ಏಳು ಸಂಕೇತಗಳಿಗೆ ಏಳು ಕೀಲಿ, ಅದೇ ಕ್ರಮದಲ್ಲಿ. 'ಜಸ್ಟ್ ಕನ್ನಡ'ದಂಥ ಆ್ಯಪ್‌ಗಳು ಈ ವಿನ್ಯಾಸವನ್ನು ಆಂಡ್ರಾಯ್ಡ್‌ಗೆ ತಂದಾಗ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗವಂತೂ ಆಂಡ್ರಾಯ್ಡ್‌ನದೇ ಮುಕ್ತ ಕೀಲಿಮಣೆಯ ಸಂಕೇತ ತೆಗೆದುಕೊಂಡು 'ಇಂಡಿಕ್ ಕೀಬೋರ್ಡ್' ಕಟ್ಟಿತು, ಕನ್ನಡವನ್ನೂ ಅದರಲ್ಲಿ ಸೇರಿಸಿತು.

ಆಂಡ್ರಾಯ್ಡ್‌ನ ದೋಷ ತಿದ್ದಿದ್ದು 2012ರ ಜೆಲ್ಲಿಬೀನ್ ಆವೃತ್ತಿ; ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಬೆಂಬಲ ಕೊಟ್ಟಿತು. 2014ರ ಲಾಲಿಪಾಪ್‌ನಲ್ಲಿ ಫೋನಿನ ಮೆನುವೇ ಕನ್ನಡಕ್ಕೆ ತಿರುಗಿತು. ಅದೇ ವರ್ಷ ಸೆಪ್ಟೆಂಬರಿನ ಐಓಎಸ್ 8ರಲ್ಲಿ ಆ್ಯಪಲ್ ಹೊರಗಿನ ಕೀಲಿಮಣೆಗಳನ್ನು ಒಳಗೆ ಬಿಟ್ಟಿತು, ಕಟ್ಟುಪಾಡುಗಳೊಂದಿಗೆ: ಪಾಸ್‌ವರ್ಡ್ ತುಂಬುವ ಕಡೆ ಅವು ಬರುವಂತಿಲ್ಲ, ಮೈಕ್ ಮುಟ್ಟುವಂತಿಲ್ಲ, ಬಳಸುವವರು ಪ್ರತ್ಯೇಕವಾಗಿ ಅನುಮತಿ ಕೊಡದೆ ಅಂತರ್ಜಾಲಕ್ಕೆ ಹೋಗುವಂತಿಲ್ಲ. ಈ ಎಚ್ಚರ ಸುಳ್ಳಲ್ಲ. ಬ್ಯಾಂಕಿನ ವಿವರದಿಂದ ಮನೆಯ ಗುಟ್ಟಿನವರೆಗೆ ಒತ್ತಿದ ಪ್ರತಿ ಅಕ್ಷರವೂ ಕೀಲಿಮಣೆಗೆ ಗೊತ್ತಾಗುತ್ತದೆ. ಆಂಡ್ರಾಯ್ಡ್ ಈ ಅಪಾಯವನ್ನು ಒಂದು ಎಚ್ಚರಿಕೆಯ ಸಾಲಿನಲ್ಲಿ ಹೇಳಿ ನಿರ್ಧಾರವನ್ನು ಬಳಸುವವರಿಗೇ ಬಿಡುತ್ತದೆ. ಆದರೂ ಆ್ಯಪಲ್‌ನ ಎಚ್ಚರಕ್ಕೆ ಕನ್ನಡ ಬೆಲೆ ತೆತ್ತಿತು. ತಾನೂ ಮಾಡಿಕೊಡದೆ, ಮಾಡಬಲ್ಲವರನ್ನೂ ಬಿಡದೆ ಕಳೆದ ಆ ವರ್ಷಗಳಲ್ಲಿ ಐಫೋನ್ ಹಿಡಿದ ಕನ್ನಡಿಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದನ್ನು ರೂಢಿ ಮಾಡಿಕೊಂಡ.

ಬೇರೆ ದಾರಿಗಳೂ ಇದ್ದವು. 2015ರಲ್ಲಿ ಮೈಕ್ರೋಮ್ಯಾಕ್ಸ್ ಫೋನಿನೊಂದಿಗೆ ಬಂದ ಇಂಡಸ್ ಓಎಸ್ ಭಾರತೀಯ ಭಾಷೆಗಳನ್ನೇ ಮುಂದಿಟ್ಟುಕೊಂಡು ಹೊರಟಿತ್ತು. 2017ರ ಜಿಯೋಫೋನ್ ಕೈ ಓಎಸ್ ಎಂಬ ವ್ಯವಸ್ಥೆಯನ್ನು ಹೊತ್ತು ಬಂತು. ಇವುಗಳಲ್ಲಿ ಇಂಡಸ್ ಓಎಸ್ ಬಹಳ ಕಾಲ ನಿಲ್ಲಲಿಲ್ಲ.

2017 ಕನ್ನಡದ ಮಟ್ಟಿಗೆ ದೊಡ್ಡ ವರ್ಷ. ಆಗಸ್ಟ್‌ನಲ್ಲಿ ಗೂಗಲ್ ಕನ್ನಡ ಮಾತನ್ನು ಕೇಳಿ ಬರೆದುಕೊಳ್ಳತೊಡಗಿತು. ತೋಟದಲ್ಲಿ ಕೈ ಕೆಸರಾಗಿರುವವರಿಗೆ, ಕೀಲಿಮಣೆ ಎಂದೂ ಮುಟ್ಟದ ಹಿರಿಯರಿಗೆ ಇದು ಏಳು ಕೀಲಿಗಿಂತ ಹತ್ತಿರದ ದಾರಿ. ಸೆಪ್ಟೆಂಬರಿನಲ್ಲಿ ಐಓಎಸ್ 11 ಆ್ಯಪಲ್‌ನದೇ ಕನ್ನಡ ಕೀಲಿಮಣೆಯನ್ನು ತಂದಿತು. ಐಫೋನಿನ ಮೆನು ಕನ್ನಡವಾಗಲು ಮಾತ್ರ 2025ರ ಮಾರ್ಚ್ 31ರಂದು ಬಿಡುಗಡೆಯಾದ ಐಓಎಸ್ 18.4ರವರೆಗೆ ಕಾಯಬೇಕಾಯಿತು, ಲಾಲಿಪಾಪ್ ಬಂದು ಹತ್ತು ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ಹಳ್ಳಿಯ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಬರೆಯುವುದನ್ನು ಕಲಿತ ಒಂದು ತಲೆಮಾರೇ ಬೆಳೆದಿತ್ತು.